ಕರಿಹಲಗೆಯ ಮೇಲಿನ ಹಿಮಾಲಯ

ಸಮಾಜ ವಿಜ್ಞಾನದ ಶಿಕ್ಷಕನಾಗಿ ಮೂವತ್ತಮೂರು ವರ್ಷಗಳ ಕಾಲ ನಾನು ವರ್ಷಕ್ಕೊಮ್ಮೆಯಾದರೂ ಹಿಮಾಲಯವನ್ನು ಕರಿಹಲಗೆಯ ಮೇಲೆ ಬರೆದಿದ್ದೇನೆ, ಗಂಟೆ ಬಾರಿಸಿದ ಕೂಡಲೇ ಒರೆಸಿಯೂ ಇದ್ದೇನೆ. ಮೇಲೆ ಒಂದು ದಪ್ಪ ಗೆರೆ, ಅದು ಮಹಾಹಿಮಾಲಯ ಅಥವಾ ಹಿಮಾದ್ರಿ. ಅದರ ಕೆಳಗೆ ಒಂದು ನಡುಗೆರೆ, ಅದು ಹಿಮಾಚಲ. ಎಲ್ಲಕ್ಕಿಂತ ಕೆಳಗೆ ತೆಳುವಾದ ಗೆರೆ, ಅದು ಶಿವಾಲಿಕ್. ಬಿಳಿ ಸೀಮೆಸುಣ್ಣದಲ್ಲಿ ಶಿಖರಗಳು, ನೀಲಿ ಸೀಮೆಸುಣ್ಣ ಇದ್ದ ದಿನ ನದಿಗಳೂ ಬರುತ್ತಿದ್ದವು. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಸಾರ್, ನೀವು ಹಿಮಾಲಯ ನೋಡಿದೀರಾ?” ಎಂದು ಕೇಳಿದ. ತರಗತಿ ನಕ್ಕಿತು. “ನೋಡುತ್ತೇನೆ, ನಿವೃತ್ತಿಯಾದ ಮೇಲೆ” ಎಂದು ಹೇಳಿ ಪಾಠ ಮುಂದುವರಿಸಿದೆ. ನಿವೃತ್ತನಾಗಿ ವರ್ಷಗಳು ಉರುಳಿವೆ. ನನಗೀಗ ಅರವತ್ತಾರು. ಆ ಹುಡುಗನಿಗೆ ಕೊಟ್ಟ ಮಾತು ಇನ್ನೂ ಬಾಕಿ ಇದೆ.

ಈ ಬಾರಿ ದಸರಾ ರಜೆಯಲ್ಲಿ ಶಿಮ್ಲಾ, ಅಲ್ಲಿಂದ ಮುಂದೆ ಕಿನ್ನೌರ್ ಮತ್ತು ಸ್ಪಿತಿಯ ಎತ್ತರದ ನಾಡುಗಳಿಗೆ ಹೋಗುವುದೆಂದು ಮನೆಯಲ್ಲಿ ನಿಶ್ಚಯವಾಗಿದೆ. ಪ್ರವಾಸ ಮುಗಿಸಿ ಬಂದು ಬರೆಯುವವರು ಬಹಳ ಮಂದಿ. ನಾನು ಹೊರಡುವ ಮೊದಲೇ ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರವಾಸದ ಮುಖ್ಯ ಘಟನೆ ಹೊರಡುವ ಮೊದಲೇ ನಡೆದುಹೋಗಿದೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಓದುಗರು ತಾಳ್ಮೆಯಿಂದ ಜೊತೆಗೆ ಬರಬೇಕೆಂದು ಕೋರುತ್ತೇನೆ.

1999ರಲ್ಲಿ ಒಮ್ಮೆ ಹೊರಟಿದ್ದೆವು. ಸರ್ಕಾರಿ ನೌಕರನಿಗೆ ದೊರೆಯುವ ರಜಾ ಪ್ರಯಾಣ ರಿಯಾಯಿತಿಯಲ್ಲಿ ನಾನು, ನನ್ನ ಶ್ರೀಮತಿ ಮತ್ತು ಮಗಳು ಶಿಮ್ಲಾ ನೋಡಿ ಬರುವುದೆಂದು ಅರ್ಜಿ ಹಾಕಿ, ಮಂಜೂರಾತಿ ಪಡೆದು, ಚೀಟಿಗಳನ್ನೂ ಕಾಯ್ದಿರಿಸಿದ್ದಾಗಿತ್ತು. ಟಿಬೆಟನ್ನರು ಚಳಿಗಾಲದಲ್ಲಿ ಚಿತ್ರದುರ್ಗಕ್ಕೆ ಬಂದು ಹಾಕುತ್ತಿದ್ದ ಅಂಗಡಿಯಲ್ಲಿ ಶ್ರೀಮತಿ ಮೂರು ಸ್ವೆಟರುಗಳನ್ನು ಚೌಕಾಸಿ ಮಾಡಿ ಕೊಂಡಿದ್ದಳು. ಹೊರಡಲು ಒಂಬತ್ತು ದಿನವಿದೆ ಎನ್ನುವಾಗ ನಮ್ಮ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಚೀಟಿಗಳನ್ನು ರದ್ದು ಮಾಡಿಸಿದೆವು. ಅಮ್ಮ ಆಮೇಲೆ ಆರು ವರ್ಷ ಬದುಕಿದ್ದರು. ಆ ಆರು ವರ್ಷವೂ ಅವರ ಆರೈಕೆಯನ್ನು ಮಾಡಿದವಳು ನನ್ನ ಶ್ರೀಮತಿ. ಸ್ವೆಟರುಗಳು ಕಬ್ಬಿಣದ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ವಾಸನೆಯೊಂದಿಗೆ ಉಳಿದವು.

ಅದಕ್ಕೂ ಮಿಗಿಲಾದ ಒಂದು ಸಂಗತಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಶಾಲೆಯ ಶೈಕ್ಷಣಿಕ ಪ್ರವಾಸಗಳ ಹೆಸರಿನಲ್ಲಿ ನಾನು ಬೇಲೂರು, ಹಳೇಬೀಡು, ಹಂಪಿ, ಬಾದಾಮಿ, ಜೋಗ, ವಿಜಯಪುರಗಳನ್ನು ಎಷ್ಟು ಬಾರಿ ನೋಡಿದೆನೋ ಲೆಕ್ಕವಿಲ್ಲ. ಪ್ರತಿ ಬಾರಿಯೂ ನಸುಕಿಗೆ ಎದ್ದು ರೊಟ್ಟಿ ತಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ನನ್ನನ್ನು ಬಸ್ಸಿಗೆ ಕಳುಹಿಸಿದವಳು ಅವಳು. ಹಿಂತಿರುಗಿದ ರಾತ್ರಿ ನಾನು ಊಟಕ್ಕೆ ಕುಳಿತು ಕಂಡದ್ದನ್ನೆಲ್ಲ ಪಾಠದಂತೆ ಹೇಳುತ್ತಿದ್ದೆ. ಅವಳು ಕೇಳುತ್ತಿದ್ದಳು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಅವಳಿಗೆ ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ ಮೊದಲು ಆನೆ, ಆಮೇಲೆ ಸಿಂಹ ಎನ್ನುವುದು ಬಾಯಿಪಾಠವಾಗಿತ್ತು, ಆದರೆ ಹಳೇಬೀಡನ್ನು ಅವಳು ಕಂಡಿರಲಿಲ್ಲ. ಇದು ತಪ್ಪೆಂದು ಆಗ ನನಗೆ ತೋರಲೇ ಇಲ್ಲ.

ಇರಲಿ, ಪ್ರವಾಸದ ವಿಷಯಕ್ಕೆ ಬರುತ್ತೇನೆ.

ಶಿಮ್ಲಾವನ್ನೇ ಏಕೆ ಆರಿಸಿಕೊಂಡೆವು, ಡಾರ್ಜಿಲಿಂಗ್ ಏಕಾಗಬಾರದು ಎಂದು ನನ್ನ ಸಹೋದ್ಯೋಗಿಗಳಾಗಿದ್ದ ದೈಹಿಕ ಶಿಕ್ಷಕರು ಕೇಳಿದರು. ಅವರೂ ನಮ್ಮೊಡನೆ ಬರುತ್ತಿದ್ದಾರೆ. ಅವರಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಶಿಮ್ಲಾದಲ್ಲಿ ಬ್ರಿಟಿಷ್ ವೈಸರಾಯರುಗಳ ಬೇಸಿಗೆಯ ಅರಮನೆಯೊಂದಿದೆ. 1888ರಲ್ಲಿ ಮುಗಿದ ಕಟ್ಟಡ. ಸ್ವಾತಂತ್ರ್ಯಾನಂತರ ಅದು ರಾಷ್ಟ್ರಪತಿ ನಿವಾಸವಾಯಿತು. ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ನರು ರಾಷ್ಟ್ರಪತಿಗಳಾದಾಗ, ವರ್ಷದಲ್ಲಿ ಕೆಲವೇ ದಿನ ಬಳಕೆಯಾಗುವ ಅಷ್ಟು ದೊಡ್ಡ ಮನೆಯನ್ನು ವಿದ್ವಾಂಸರಿಗೆ ಬಿಟ್ಟುಕೊಡಬೇಕೆಂದು ಬಯಸಿದರು. 1965ರ ಅಕ್ಟೋಬರ್‌ನಲ್ಲಿ ಅಲ್ಲಿ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಅವರೇ ಉದ್ಘಾಟಿಸಿದರು. ಆ ರಾಧಾಕೃಷ್ಣನ್ನರು 1918ರಿಂದ 1921ರವರೆಗೆ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಮೈಸೂರು ಬಿಟ್ಟು ಹೊರಟಾಗ ವಿದ್ಯಾರ್ಥಿಗಳು ಅವರ ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದೊಯ್ದರಂತೆ. ಪ್ರತಿ ಸೆಪ್ಟೆಂಬರ್ 5ರಂದು ಹೂಮಾಲೆ ಹಾಕಿಸಿಕೊಂಡ ನಾನು, ಮೇಷ್ಟರೊಬ್ಬರು ತಮ್ಮ ಅರಮನೆಯನ್ನು ಓದುವವರಿಗೆ ಬಿಟ್ಟುಕೊಟ್ಟ ಜಾಗವನ್ನು ಒಮ್ಮೆ ನೋಡಬೇಡವೇ?

ಇನ್ನೊಂದು ಕಾರಣ ಇನ್ನೂ ಮೇಲಿದೆ. ಶಿಮ್ಲಾದಿಂದ ಸಟ್ಲೆಜ್ ನದಿಯ ಕಣಿವೆಯನ್ನು ಹಿಡಿದು ಪೂರ್ವಕ್ಕೆ ಹೋದರೆ ಕಿನ್ನೌರ್ ಜಿಲ್ಲೆ. ಕಿನ್ನರ ಎನ್ನುವ ಮಾತು ನಮಗೆ ಹೊಸದಲ್ಲ. ಪುರಾಣಗಳಲ್ಲಿ ಹಾಡುವ ದೇವಗಣ ಅವರು. ನಮ್ಮ ಕಡೆ ಕಿನ್ನರಿ ನುಡಿಸುತ್ತ ಮನೆಮನೆಗೆ ಬರುತ್ತಿದ್ದ ಜೋಗಿಗಳನ್ನು ಬಾಲ್ಯದಲ್ಲಿ ನಾನೇ ಕಂಡಿದ್ದೇನೆ. ಆ ಜಿಲ್ಲೆಯಲ್ಲಿ ಕಲ್ಪಾ ಎಂಬ ಹಳ್ಳಿ, 2,960 ಮೀಟರ್ ಎತ್ತರದಲ್ಲಿದೆ. ಹಿಂದೆ ಅದಕ್ಕೆ ಚೀನಿ ಎಂದು ಹೆಸರಿತ್ತು. ಎದುರಿಗೆ ಆರು ಸಾವಿರ ಮೀಟರನ್ನೂ ಮೀರಿದ ಕಿನ್ನರ ಕೈಲಾಸ. ಆದರೆ ನನ್ನನ್ನು ಸೆಳೆದದ್ದು ಕೈಲಾಸಕ್ಕಿಂತ ಹೆಚ್ಚಾಗಿ ಆ ಹಳ್ಳಿಯ ಒಬ್ಬ ಶಾಲಾ ಮಾಸ್ತರರು.

ಶ್ಯಾಮ್ ಸರಣ್ ನೇಗಿ ಎಂಬ ಹೆಸರನ್ನು ಬಹಳ ಮಂದಿ ಪತ್ರಿಕೆಗಳಲ್ಲಿ ಓದಿರುತ್ತೀರಿ. ಸ್ವತಂತ್ರ ಭಾರತದ ಮೊದಲ ಮತದಾರರೆಂದು ಪ್ರಸಿದ್ಧರಾದವರು. ದೇಶದ ಹೆಚ್ಚಿನ ಭಾಗಗಳಲ್ಲಿ ಮೊದಲ ಮಹಾಚುನಾವಣೆಯ ಮತದಾನ ನಡೆದದ್ದು 1952ರ ಆರಂಭದಲ್ಲಿ. ಆದರೆ ಚಳಿಗಾಲದಲ್ಲಿ ಕಿನ್ನೌರಿನ ದಾರಿಗಳು ಹಿಮದಲ್ಲಿ ಮುಚ್ಚಿಹೋಗುವುದರಿಂದ ಅಲ್ಲಿ 1951ರ ಅಕ್ಟೋಬರ್‌ನಲ್ಲೇ ಮತದಾನ ನಡೆಸಿದರು. ಅಕ್ಟೋಬರ್ 25ರ ಬೆಳಿಗ್ಗೆ ನೇಗಿಯವರು ಬೇಗನೇ ಹೋಗಿ ಮೊದಲು ಮತ ಹಾಕಿದರು. ಅಷ್ಟು ಅವಸರವೇಕೆಂದರೆ ಶಿಕ್ಷಕರಾದ ಅವರಿಗೆ ಆ ದಿನ ಬೇರೆ ಹಳ್ಳಿಗಳಲ್ಲಿ ಚುನಾವಣಾ ಕರ್ತವ್ಯವಿತ್ತು! ಇದನ್ನು ಓದಿದಾಗ ನಾನು ಒಬ್ಬನೇ ಕುಳಿತು ನಕ್ಕೆ. ಮತಪೆಟ್ಟಿಗೆಯ ಕಾಲದಿಂದ ಮತಯಂತ್ರದ ಕಾಲದವರೆಗೆ ಎಷ್ಟು ಚುನಾವಣೆಗಳಲ್ಲಿ ನಾನು ಮತಗಟ್ಟೆ ಅಧಿಕಾರಿಯಾಗಿ ಶಾಲೆಯ ಬೆಂಚುಗಳ ಮೇಲೆ ಮಲಗಿಲ್ಲ! ನೇಗಿಯವರು ಎಪ್ಪತ್ತು ವರ್ಷಗಳಿಗೂ ಮೀರಿ ಮತದಾನವನ್ನು ತಪ್ಪಿಸಲಿಲ್ಲ. 2022ರ ನವೆಂಬರ್ 2ರಂದು ಮನೆಯಿಂದಲೇ ಅಂಚೆ ಮತ ಹಾಕಿ, ಮೂರು ದಿನಗಳ ನಂತರ 105ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಮಾಸ್ತರರು ಮಕ್ಕಳಿಗೆ ಪಾಠ ಹೇಳಿದ ಊರಿನಲ್ಲಿ ನಾಲ್ಕು ದಿನ ಇರಬೇಕೆಂಬ ಆಸೆ ನನಗೆ.

ಮೂರನೆಯದು ಸ್ಪಿತಿ. ಹಿಮಾಲಯದಾಚೆಯ ಶೀತ ಮರುಭೂಮಿ. ಇದನ್ನು ಪಾಠ ಮಾಡುವಾಗ ನಾನು ಎಂದೂ ದೂರದ ಉದಾಹರಣೆ ಕೊಡಬೇಕಾಗುತ್ತಿರಲಿಲ್ಲ. ನಮ್ಮ ಐಮಂಗಲದ ಮಕ್ಕಳಿಗೆ ಮಳೆನೆರಳಿನ ಪ್ರದೇಶ ಎಂದರೇನೆಂದು ಹೇಳಿಕೊಡುವ ಅಗತ್ಯವಿಲ್ಲ. ಅವರು ಹುಟ್ಟಿರುವುದೇ ಅದರಲ್ಲಿ. ಅರಬ್ಬೀ ಸಮುದ್ರದ ಮೋಡಗಳನ್ನು ಪಶ್ಚಿಮ ಘಟ್ಟ ತಡೆದು ಮಲೆನಾಡಿನಲ್ಲೇ ಸುರಿಸಿಕೊಂಡುಬಿಡುತ್ತದೆ, ನಮ್ಮ ಹಿರಿಯೂರು ಸೀಮೆಗೆ ಬರುವುದು ಮೋಡದ ನೆರಳು ಮತ್ತು ಗಾಳಿ. ಆ ಗಾಳಿಗೇ ಈಗ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಮುಗಿಯಿತು. 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದದ್ದನ್ನು ನಮ್ಮ ತಾತಂದಿರು ಕಂಡಿದ್ದರು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಆ ದಿನ ನಾವೆಲ್ಲ ಜಾತ್ರೆಗೆ ಹೋಗುವಂತೆ ಹೋಗಿ ನೋಡಿ ಬಂದೆವು. ಸ್ಪಿತಿಯಲ್ಲೂ ಇದೇ ಕಥೆ, ಆದರೆ ಘಟ್ಟದ ಬದಲಿಗೆ ಪೀರ್ ಪಂಜಾಲ್ ಮತ್ತು ಮಹಾಹಿಮಾಲಯಗಳು ಮಳೆಗಾಳಿಯನ್ನು ತಡೆಯುತ್ತವೆ. ಅಲ್ಲಿ ನಮಗಿಂತ ಬಹಳ ಕಡಿಮೆ ಮಳೆ. ಮಂಜು ಕರಗಿದ ನೀರನ್ನು ಸಣ್ಣ ಕಾಲುವೆಗಳಲ್ಲಿ ತಂದು ಬಾರ್ಲಿ, ಬಟಾಣಿ ಬೆಳೆಯುತ್ತಾರೆ.

ಮನೆಗಳೂ ನಮ್ಮವೇ. ನಾನು ಹುಟ್ಟಿದ ಮನೆ ಮಾಳಿಗೆಯ ಮನೆ. ತೊಲೆ, ಜಂತಿ ಹಾಕಿ ಮೇಲೆ ಕರಲು ಮಣ್ಣು ಹರಡಿ ಸಮತಟ್ಟು ಮಾಡಿದ ಸೂರು. ಮಳೆ ಕಡಿಮೆ ಇರುವ ಸೀಮೆಯಲ್ಲಿ ಮಾತ್ರ ಇಂಥ ಸೂರು ನಿಲ್ಲುತ್ತದೆ. ಸ್ಪಿತಿಯ ಮನೆಗಳ ಚಿತ್ರಗಳನ್ನು ಮೊದಲು ಕಂಡಾಗ, ಮಣ್ಣಿನ ಗೋಡೆ, ಸಮತಟ್ಟು ಮಾಳಿಗೆ, ಅದರ ಮೇಲೆ ಒಣಹಾಕಿದ ಹುಲ್ಲು ಸೌದೆ, “ಇದು ನಮ್ಮೂರಲ್ಲವೇ!” ಎಂದು ಉದ್ಗರಿಸಿದ್ದೆ. ಅಲ್ಲಿಯ ತಾಬೋ ಎಂಬ ಹಳ್ಳಿಯ ಬೌದ್ಧ ವಿಹಾರವೂ ಮಣ್ಣಿನದೇ. 996ರಲ್ಲಿ ಸ್ಥಾಪನೆಯಾಯಿತು. ನಮ್ಮ ರನ್ನ ‘ಅಜಿತ ಪುರಾಣ’ವನ್ನು ಮುಗಿಸಿದ್ದು 993ರಲ್ಲಿ. ಅಂದರೆ ಇಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ಕಾವ್ಯ ಸಿದ್ಧವಾದ ಮೂರೇ ವರ್ಷಕ್ಕೆ ಅಲ್ಲಿ ಮಣ್ಣಿನ ಗೋಡೆಗಳು ಎದ್ದವು. ಒಳಗಿನ ಭಿತ್ತಿಚಿತ್ರಗಳಿಂದಾಗಿ ಅದನ್ನು ಹಿಮಾಲಯದ ಅಜಂತಾ ಎನ್ನುತ್ತಾರೆ. ಸಾವಿರ ವರ್ಷ ನಿಂತ ಮಣ್ಣಿನ ಕಟ್ಟಡವನ್ನು ಕಣ್ಣಾರೆ ಕಾಣಬೇಕೆಂಬುದು ನನ್ನ ಬಹುದಿನದ ಹಂಬಲ. ಈ ಹಂಬಲವೇ ಮುಂದೆ ಹೇಳಲಿರುವ ಘಟನೆಗೆ ಮೂಲ.

ಯೋಜನೆಯನ್ನು ನಾನು ಹಳೆಯ ಪಾಠಟಿಪ್ಪಣಿಯ ಪುಸ್ತಕದಲ್ಲಿ ಬರೆಯತೊಡಗಿದೆ. ದಾವಣಗೆರೆಯಲ್ಲಿ ಸಂಪರ್ಕ ಕ್ರಾಂತಿ ರೈಲು ಹತ್ತಿದರೆ ಎರಡು ರಾತ್ರಿ ಕಳೆದು ಚಂಡೀಗಢ. ಕಾಯ್ದಿರಿಸುವುದು ಮೊದಲಿನಂತೆ ನಾಲ್ಕು ತಿಂಗಳ ಮುಂಚೆ ಅಲ್ಲ. 2024ರ ನವೆಂಬರ್‌ನಿಂದ ಅದು ಅರವತ್ತು ದಿನಗಳಿಗೆ ಇಳಿದಿದೆ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತುಹೋಯಿತು, ಆದ್ದರಿಂದ ಅರವತ್ತರ ಮುದುಕನಿಗೂ ಮೂವತ್ತರ ಯುವಕನಿಗೂ ಒಂದೇ ದರ. ಚಂಡೀಗಢದ ಸಮೀಪದಲ್ಲೇ ಕಾಲ್ಕಾ. ಅಲ್ಲಿಂದ ಶಿಮ್ಲಾಕ್ಕೆ 1903ರಲ್ಲಿ ಆರಂಭವಾದ ಕಿರುಹಳಿಯ ರೈಲು. 96 ಕಿಲೋಮೀಟರ್ ದೂರಕ್ಕೆ ನೂರಕ್ಕೂ ಮಿಕ್ಕ ಸುರಂಗಗಳು, ಎಂಟುನೂರಕ್ಕೂ ಮಿಕ್ಕ ಸೇತುವೆಗಳು. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲ್ಕಾ ಇರುವುದು 656 ಮೀಟರ್ ಎತ್ತರದಲ್ಲಿ, ನಮ್ಮ ಹಿರಿಯೂರಿನ ಎತ್ತರವೂ ಹೆಚ್ಚು ಕಡಿಮೆ ಅಷ್ಟೇ. ಅಲ್ಲಿಂದ ಐದಾರು ತಾಸಿನಲ್ಲಿ ರೈಲು ಎರಡು ಸಾವಿರ ಮೀಟರ್ ದಾಟಿಸುತ್ತದೆ. ಚಿತ್ರದುರ್ಗದಿಂದ ಚಿಕ್ಕಜಾಜೂರಿಗೆ ಮೀಟರ್ ಗೇಜ್ ರೈಲಿನಲ್ಲಿ ಹೋಗುವುದನ್ನೇ ಪರದೇಶ ಯಾತ್ರೆಯೆಂದು ಬಗೆದಿದ್ದ ಬಾಲಕ ನಾನು. ಈ ಪುಟ್ಟ ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗಕ್ಕಾಗಿ ಎಂಟನೆಯ ತರಗತಿಯ ಮೊಮ್ಮಗಳೊಡನೆ ಈಗಿನಿಂದಲೇ ಜಗಳ ನಡೆದಿದೆ.

ಕಾಲವನ್ನು ಆರಿಸುವಾಗಲೂ ಯೋಚಿಸಿದೆವು. ಬೇಸಿಗೆ ರಜೆಯಲ್ಲಿ ಶಿಮ್ಲಾದಲ್ಲಿ ಜನಜಂಗುಳಿ. ಮಳೆಗಾಲದಲ್ಲಿ ಆ ದಾರಿ ಅಪಾಯಕರ. 2021ರ ಜುಲೈ ಮತ್ತು ಆಗಸ್ಟ್‌ನಲ್ಲಿ ಕಿನ್ನೌರಿನಲ್ಲಿ ಬೆಟ್ಟ ಕುಸಿದು ಪ್ರವಾಸಿಗಳೂ ಬಸ್ಸಿನ ಪ್ರಯಾಣಿಕರೂ ಸತ್ತರು. 2023ರ ಮಳೆಗಾಲದಲ್ಲಿ ಹಿಮಾಚಲಕ್ಕೆ ಹಿಮಾಚಲವೇ ತತ್ತರಿಸಿತು. ಹಿಮಾಲಯ ಇನ್ನೂ ಎಳೆಯ ಮಡಿಕೆ ಪರ್ವತ, ಅದರ ಮೈ ಗಟ್ಟಿಯಾಗಿಲ್ಲ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದದ್ದು ಇದನ್ನೇ. ಮಳೆ ಸರಿದು, ಹಿಮ ಬೀಳುವ ಮುಂಚಿನ ದಸರಾ ರಜೆಯೇ ಸರಿಯೆಂದು ತೀರ್ಮಾನಿಸಿದೆವು. ಆಗ ಕಿನ್ನೌರಿನಲ್ಲಿ ಸೇಬಿನ ಕೊಯ್ಲು. ನಮ್ಮ ಕಡೆಯ ದಾಳಿಂಬೆ ತೋಟಗಳ ಮಾಲೀಕರು ಬೆಲೆಗಾಗಿ ಪಡುವ ಪಾಡನ್ನು ಅಲ್ಲಿಯ ಸೇಬಿನ ರೈತರೂ ಪಡುತ್ತಾರೆಯೇ ಎಂದು ಕೇಳಿಕೊಂಡು ಬರಲು ನೆರೆಯ ರೈತರೊಬ್ಬರು ಹೇಳಿಕಳುಹಿಸಿದ್ದಾರೆ.

ಇಷ್ಟಾದ ಮೇಲೆ ಮಗಳು, “ಅಪ್ಪಾಜಿ, ಎಲ್ಲ ಸರಿ. ಮೊದಲು ಡಾಕ್ಟರ ಹತ್ತಿರ ತೋರಿಸಿಕೊಂಡು ಬನ್ನಿ” ಎಂದಳು. ಆರು ವರ್ಷಗಳ ಹಿಂದೆ ನನ್ನ ಹೃದಯದ ರಕ್ತನಾಳವೊಂದಕ್ಕೆ ಸ್ಟೆಂಟ್ ಹಾಕಿದ್ದಾರೆ. ಮಾತ್ರೆಗಳನ್ನು ತಪ್ಪದೆ ನುಂಗುತ್ತೇನೆ, ಬೆಳಿಗ್ಗೆ ಹೆದ್ದಾರಿಯ ಬದಿಯಲ್ಲಿ ನಡೆಯುತ್ತೇನೆ. ನನಗೇನೂ ಆತಂಕವಿರಲಿಲ್ಲ, ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕಳೆದ ಕೆಲವು ತಿಂಗಳುಗಳಿಂದ ಏರು ಹತ್ತುವಾಗ ಎದೆಯಲ್ಲಿ ಬಿಗಿದಂತಾಗಿ ನಿಲ್ಲಬೇಕಾಗುತ್ತಿತ್ತು. ಚಿತ್ರದುರ್ಗದ ಕೋಟೆಗೆ ನೆಂಟರನ್ನು ಕರೆದೊಯ್ದ ದಿನ ಒಂದು ಬಾಗಿಲಿನ ಬಳಿ ಕುಳಿತು, “ನೀವು ನೋಡಿಕೊಂಡು ಬನ್ನಿ, ನಾನು ಬಹಳ ಸಲ ನೋಡಿದ್ದೇನೆ” ಎಂದಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ತಾಬೋ ಕೈತಪ್ಪುತ್ತದೆಂಬ ಭಯ.

ನಮ್ಮ ವೈದ್ಯರು ನನ್ನ ಹಳೆಯ ವಿದ್ಯಾರ್ಥಿ. ನಾನು ಹೋದರೆ ಈಗಲೂ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. “ನಡೆಯುವಾಗ, ಹತ್ತುವಾಗ ಏನಾದರೂ ತೊಂದರೆ ಇದೆಯೇ ಸಾರ್?” ಎಂದು ಕೇಳಿದರು. “ಏನೂ ಇಲ್ಲಪ್ಪ” ಎಂದೆ. ಮನೆಪಾಠ ಮಾಡದ ಹುಡುಗ ಪುಸ್ತಕ ಮನೆಯಲ್ಲಿ ಮರೆತೆನೆಂದು ಹೇಳುವಾಗ ಮುಖ ಹೇಗಿರುತ್ತದೆಂಬುದು ನನಗೆ ಚೆನ್ನಾಗಿ ಗೊತ್ತು. ನನ್ನ ಮುಖವೂ ಆಗ ಹಾಗೆಯೇ ಇದ್ದಿರಬೇಕು. ಪಕ್ಕದಲ್ಲಿ ಕುಳಿತಿದ್ದ ಶ್ರೀಮತಿ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಹೇಳಿದಳು: “ಕೋಟೆ ಹತ್ತುವಾಗ ನಡುವೆ ಕೂತುಬಿಟ್ಟರು. ಬೆಳಿಗ್ಗೆ ವಾಕಿಂಗ್ ಹೋದವರು ಸೇತುವೆಯ ಏರಿನವರೆಗೂ ಹೋಗಲ್ಲ, ಅರ್ಧಕ್ಕೆ ತಿರುಗುತ್ತಾರೆ. ಎರಡು ತಿಂಗಳಿಂದ ನೋಡ್ತಿದ್ದೀನಿ.” ನಾನು ತಲೆ ತಗ್ಗಿಸಿದೆ.

ನಡೆಯುವ ಪಟ್ಟಿಯ ಮೇಲಿನ ಪರೀಕ್ಷೆಯನ್ನೂ, ಇತರ ಪರೀಕ್ಷೆಗಳನ್ನೂ ಮಾಡಿಸಿದರು. ಔಷಧಿ ಬದಲಾಯಿಸಿದರು. ಒಂದು ತಿಂಗಳ ನಂತರ ಮತ್ತೆ ಪರೀಕ್ಷಿಸಿ ತಮ್ಮ ತೀರ್ಪು ತಿಳಿಸಿದರು: “ಸಾರ್, ಶಿಮ್ಲಾಕ್ಕೆ ಹೋಗಿ. ನಿಧಾನವಾಗಿ, ಅಲ್ಲಲ್ಲಿ ಉಳಿದುಕೊಂಡು ಕಲ್ಪಾವರೆಗೂ ಹೋಗಿ. ಪಕ್ಕದಲ್ಲೇ ರೆಕಾಂಗ್ ಪಿಯೋದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಅಲ್ಲಿಂದ ಮೇಲಕ್ಕೆ ಬೇಡ. ತಾಬೋ ದಾರಿ ಮೂರೂವರೆ ಸಾವಿರ ಮೀಟರ್ ದಾಟಿ ಹೋಗುತ್ತದೆ. ಮೇಲೆ ಹೋದಂತೆ ವಾಯುವಿನ ಒತ್ತಡ ಕಡಿಮೆಯಾಗುತ್ತದೆಂದು ನಮಗೆ ಹೇಳಿಕೊಟ್ಟವರೇ ನೀವು.”

ಹೌದು, ಹೇಳಿಕೊಟ್ಟವನು ನಾನೇ. ಎತ್ತರದಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ, ಅದು ಎಲ್ಲೆಡೆಯೂ ನೂರಕ್ಕೆ ಇಪ್ಪತ್ತೊಂದೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಮೂರು ಸಾವಿರದ ಆರುನೂರು ಮೀಟರಿನಲ್ಲಿ ಅದು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ ಇರುತ್ತದೆ. ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕ ಅಷ್ಟೇ ಕಡಿಮೆ. ಅದನ್ನು ಸರಿದೂಗಿಸಲು ಹೃದಯ ಹೆಚ್ಚು ದುಡಿಯಬೇಕು. ಗಟ್ಟಿ ಹೃದಯವಾದರೆ ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಈ ವಿಚಾರದಲ್ಲಿ ನನ್ನ ಶ್ರೀಮತಿಗೆ ಯಾವ ಅಡ್ಡಿಯೂ ಇಲ್ಲವೆಂದು ಅದೇ ವೈದ್ಯರು ಅವಳನ್ನೂ ಪರೀಕ್ಷಿಸಿ ಹೇಳಿದರು. ಅರವತ್ತೆರಡರ ಅವಳ ರಕ್ತದೊತ್ತಡ ಇಪ್ಪತ್ತರ ಹುಡುಗಿಯಂತಿದೆಯಂತೆ!

ಆ ಸಂಜೆ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಕೊನೆಗೆ ಅವಳೇ, “ನೀವು ಬರದ ಕಡೆಗೆ ನಾನೇಕೆ ಹೋಗಲಿ? ಕಲ್ಪಾದಿಂದಲೇ ಎಲ್ಲರೂ ವಾಪಸ್ಸು ಬರೋಣ” ಎಂದಳು. ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು. ನಾನು ಕಾಣದ ತಾಬೋವನ್ನು ಇವರೂ ಕಾಣುವುದಿಲ್ಲ ಎಂಬ ಸಮಾಧಾನ. ರಾತ್ರಿ ನಿದ್ದೆ ಬಾರದೆ ಪಡಸಾಲೆಯಲ್ಲಿ ಕುಳಿತಿದ್ದಾಗ ಆ ಸಮಾಧಾನದ ಸಣ್ಣತನ ನನಗೇ ಕಾಣಿಸಿತು. ಹಳೇಬೀಡಿನ ಆನೆಗಳನ್ನು ಬಾಯಿಪಾಠ ಮಾಡಿಕೊಂಡು ಅಡಿಗೆಮನೆಯಲ್ಲೇ ಉಳಿದವಳ ನೆನಪಾಯಿತು. ನಾನು ಹೋಗಿ ಬಂದು ಹೇಳುವುದು, ಅವಳು ಇದ್ದಲ್ಲೇ ಇದ್ದು ಕೇಳುವುದು ಎಂಬ ನಿಯಮವನ್ನು ಯಾರು ಮಾಡಿದರು? 1999ರಲ್ಲಿ ಅವಳು ಸ್ವೆಟರು ಕೊಂಡದ್ದು ನನಗಾಗಿ ಮಾತ್ರವಲ್ಲ, ತನಗಾಗಿಯೂ ಕೊಂಡಿದ್ದಳು.

ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದೆ: “ನೋಡು, ನೀನು ಮಗಳು, ಅಳಿಯ, ಮೊಮ್ಮಗಳ ಜೊತೆ ತಾಬೋಗೆ ಹೋಗಿ ಬಾ. ನಾನು ಕಲ್ಪಾದಲ್ಲಿ ಇರುತ್ತೇನೆ. ಮಂಡಿನೋವಿನ ಡ್ರಿಲ್ ಮಾಸ್ಟರು ನನ್ನ ಜೊತೆಗಿರುತ್ತಾರೆ. ನೀನು ನೋಡಿ ಬಂದು ನನಗೆ ಹೇಳಬೇಕು.” ಅವಳು, “ನನಗೆ ನಿಮ್ಮ ಹಾಗೆ ವಿವರವಾಗಿ ಹೇಳೋಕೆ ಎಲ್ಲಿ ಬರುತ್ತೆ?” ಎಂದಳು. “ನನಗೂ ಮೊದಲು ಬರುತ್ತಿರಲಿಲ್ಲ. ನೀನು ಕೇಳಿ ಕೇಳಿ ನನಗೆ ಅಭ್ಯಾಸವಾಯಿತು” ಎಂದೆ. ಅವಳು ಉತ್ತರಿಸದೆ ಲೋಟ ತೆಗೆದುಕೊಂಡು ಒಳಗೆ ಹೋದಳು. ಒಪ್ಪಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ನನ್ನ ಅಟ್ಲಾಸನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಕನ್ನಡಕ ಏರಿಸಿ ಕುಳಿತಿದ್ದುದನ್ನು ಕಂಡೆ. “ಸ್ಪಿತಿ ನದಿ ಸಟ್ಲೆಜ್ ಸೇರೋದು ಖಾಬ್ ಅನ್ನೋ ಕಡೆ ಅಂತೀರಲ್ಲ, ಇದರಲ್ಲಿ ಆ ಹೆಸರೇ ಇಲ್ಲ” ಎಂದು ಆಕ್ಷೇಪಿಸಿದಳು. ಒಳ್ಳೆಯ ವಿದ್ಯಾರ್ಥಿನಿಯ ಲಕ್ಷಣವಿದು.

ಈಗ ಪರಿಷ್ಕೃತ ಯೋಜನೆ ಹೀಗಿದೆ. ಶಿಮ್ಲಾದಲ್ಲಿ ಮೂರು ರಾತ್ರಿ. ಎತ್ತರಕ್ಕೆ ಮೈ ಹೊಂದಿಕೊಳ್ಳಲಿ ಎಂದು ಮೊದಲ ದಿನ ಪೂರ್ಣ ವಿಶ್ರಾಂತಿ, ಎರಡನೆಯ ದಿನ ರಾಧಾಕೃಷ್ಣನ್ನರು ಬಿಟ್ಟುಕೊಟ್ಟ ಅರಮನೆ. ಬಳಿಕ ಸರಾಹನ್‌ನಲ್ಲಿ ಒಂದು ರಾತ್ರಿ. ಅಲ್ಲಿ ಕಲ್ಲು ಮತ್ತು ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಭೀಮಾಕಾಳಿಯ ಗುಡಿ ಇದೆ. ಆಮೇಲೆ ಕಲ್ಪಾ. ಎಲ್ಲರೂ ಅಲ್ಲಿ ಎರಡು ರಾತ್ರಿ ಉಳಿದ ಮೇಲೆ ನಾಲ್ವರು ಮುಂದಕ್ಕೆ, ಇಬ್ಬರು ಮುದುಕರು ಅಲ್ಲಿಯೇ. ಆ ದಾರಿಗೆ ನಮ್ಮ ದೇಶದವರಿಗೆ ವಿಶೇಷ ಅನುಮತಿ ಪತ್ರ ಬೇಕಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಎತ್ತರದಲ್ಲಿ ಹೋಗಿ ಮಲಗಬಾರದೆಂಬ ವೈದ್ಯರ ಸೂತ್ರಕ್ಕೂ ಇದು ಸರಿಹೊಂದುತ್ತದೆ, ಏಕೆಂದರೆ ತಾಬೋ 3,280 ಮೀಟರಿನಲ್ಲಿದೆ. ತಲೆನೋವು, ವಾಕರಿಕೆ ಇವುಗಳಲ್ಲಿ ಯಾವುದು ಕಂಡರೂ ಮೇಲೇರದೆ, ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು, ಹೆಜ್ಜೆ ತಪ್ಪುವುದು ಕಂಡರೆ ಕಾಯದೆ ಕೂಡಲೇ ಕೆಳಗಿಳಿಯಬೇಕು. ಇದನ್ನು ಅಳಿಯನಿಗೆ ಬರೆದುಕೊಟ್ಟು ಬಾಯಿಪಾಠ ಒಪ್ಪಿಸಿಕೊಂಡಿದ್ದೇನೆ.

ಮೊಮ್ಮಗಳಿಗೆ ಒಂದು ಮನೆಪಾಠ ಕೊಟ್ಟಿದ್ದೇನೆ. ನಮ್ಮೂರಿನ ಸಮೀಪದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಶಿಲೆಗಳಿವೆ. ನೀರಿನ ಅಡಿಯಲ್ಲಿ ಜ್ವಾಲಾಮುಖಿ ಉಕ್ಕಿ, ಥಟ್ಟನೆ ತಣಿದಾಗ ಮಾತ್ರ ಇಂಥ ಆಕಾರ ಬರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದ್ದಾರೆ. ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದಿನ ಮಾತು. ಸೈಕಲ್ಲುಗಳಲ್ಲಿ ಮಕ್ಕಳನ್ನು ಕರೆದೊಯ್ದು, “ನೀವು ನಿಂತಿರುವುದು ಸಮುದ್ರದ ತಳದಲ್ಲಿ” ಎಂದರೆ ಕುಡಿಯುವ ನೀರಿಗೂ ಪರದಾಡುವ ಊರಿನ ಮಕ್ಕಳು ನಂಬುತ್ತಿರಲಿಲ್ಲ. ಸ್ಪಿತಿಯ ಬೆಟ್ಟಗಳಲ್ಲೂ ಸಮುದ್ರಜೀವಿಗಳ ಪಳೆಯುಳಿಕೆಗಳು ದೊರೆಯುತ್ತವೆ. ಭಾರತದ ಭೂಫಲಕ ಬಂದು ಒತ್ತಿದಾಗ ನಡುವಿದ್ದ ಟೆಥಿಸ್ ಸಮುದ್ರದ ತಳವೇ ಮಡಿಚಿಕೊಂಡು ಮೇಲೆದ್ದಿತು. ಅದಾಗಿ ಸುಮಾರು ಐದು ಕೋಟಿ ವರ್ಷ. ಅಂದರೆ ಹಿಮಾಲಯ ನಮ್ಮ ಮರಡಿಹಳ್ಳಿಯ ಕಲ್ಲಿನ ಮುಂದೆ ನಿನ್ನೆ ಹುಟ್ಟಿದ ಕೂಸು. ಹೊರಡುವ ಮುನ್ನ ಮರಡಿಹಳ್ಳಿಯ ಶಿಲೆಯ ಚಿತ್ರ ಬರೆದುಕೊಳ್ಳಬೇಕು, ಅಲ್ಲಿ ಹೋಗಿ ಆ ಬೆಟ್ಟದ ಚಿತ್ರ ಬರೆಯಬೇಕು, ಪಳೆಯುಳಿಕೆಗಳನ್ನು ಯಾರು ಮಾರಲು ಬಂದರೂ ಕೊಳ್ಳಬಾರದು. ಇದು ಅವಳ ಮನೆಪಾಠ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ನಲವತ್ತು ವರ್ಷ ದೂರದಿಂದ ನೋಡಿದ ಬೆಟ್ಟ ನನಗೆ ಬಹಳ ನುಣ್ಣಗೆ ಕಂಡಿತ್ತು. ಹತ್ತಿರ ಹೋಗಲು ಹೊರಟಾಗ ಮೊದಲು ಸಿಕ್ಕ ಏರು ನನ್ನೊಳಗಿನದೇ ಆಗಿತ್ತು. ನನ್ನ ವಯಸ್ಸಿನ ಓದುಗರಲ್ಲಿ ಒಂದು ವಿನಂತಿ. ಬೆಟ್ಟಕ್ಕೆ ಹೋಗುವ ಆಸೆ ಇದ್ದರೆ ಖಂಡಿತ ಹೋಗಿ. ಆದರೆ ವೈದ್ಯರ ಮುಂದೆ ಸುಳ್ಳು ಹೇಳಬೇಡಿ. ನಿಮ್ಮ ಮನೆಯಾಕೆ ಏನನ್ನು ನೋಡಬೇಕೆಂದಿದ್ದಾಳೆ ಎಂಬುದನ್ನು ಹೊರಡುವ ಮೊದಲು ಒಮ್ಮೆ ಕೇಳಿ. ನಾನು ಕೇಳಲು ನಲವತ್ತು ವರ್ಷ ತಡಮಾಡಿದೆ.

ಕಬ್ಬಿಣದ ಪೆಟ್ಟಿಗೆಯಿಂದ ಸ್ವೆಟರುಗಳು ಹೊರಬಂದಿವೆ. ಮಗಳದು ಈಗ ಮೊಮ್ಮಗಳಿಗೆ ಸರಿಹೋಗುತ್ತದೆ. ನನ್ನದು ಹೊಟ್ಟೆಯ ಬಳಿ ಬಿಗಿ. ಶ್ರೀಮತಿಯ ಕಂದು ಬಣ್ಣದ ಸ್ವೆಟರು ಮಾತ್ರ ಹೊಚ್ಚಹೊಸದರಂತಿದೆ. ಬಿಸಿಲಿಗೆ ಹಾಕಿದ್ದಾಳೆ. ತಾಬೋದಿಂದ ಅವಳು ಹಿಂತಿರುಗಿದ ಸಂಜೆ, ಕಲ್ಪಾದಲ್ಲಿ ಊಟಕ್ಕೆ ಕುಳಿತಾಗ, ಸಾವಿರ ವರ್ಷದ ಮಣ್ಣಿನ ಗೋಡೆ ಹೇಗಿತ್ತೆಂದು ಅವಳು ಹೇಳುತ್ತಾಳೆ, ನಾನು ಕೇಳುತ್ತೇನೆ. ಅವಳು ಹೇಳಿದ್ದನ್ನು ಮುಂದಿನ ಲೇಖನದಲ್ಲಿ ಬರೆಯುತ್ತೇನೆ.